ಕೂತಿರಿ, ಡಾಕ್ಟರಿಗೆ ಹೇಳ್ತೀನಿ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಹೊರಡುತ್ತದೆ, ಕೊನೆಗೆ ಹೋಗುವಷ್ಟರಲ್ಲಿ ಕೆಳಗೆ ಜಾರಿರುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ, ಬಂದರೂ ಅವನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಇದು ನನ್ನ ಚಿಕ್ಕಮ್ಮನ ಕಥೆ. ನಾನಿರುವುದು ಅವಳ ಮನೆಯಲ್ಲೇ. ನಾನು ನೋಡದ್ದನ್ನು ಅವಳೇ ಹೇಳಿದ್ದಾಳೆ, ಅರ್ಥವಾಗದ್ದನ್ನು ನಾನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡಿದ್ದೇನೆ. ಬರೆಯಲಾ ಎಂದು ಕೇಳಿದಾಗ ಅವಳು, "ಬರಿ. ಆದ್ರೆ ಅಯ್ಯೋ ಪಾಪ ಅನ್ನೋ ಹಾಗೆ ಬರೀಬೇಡ" ಎಂದಳು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ.

ಚಿಕ್ಕಮ್ಮ ನರ್ಸು. ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹದಿನಾರು ವರ್ಷ ದುಡಿದವಳು. ಅಲ್ಲಿ ಸಿಸ್ಟರ್ ಎಂದರೆ ಅವಳೊಬ್ಬಳೇ. ಮಿಕ್ಕವರೆಲ್ಲ 'ಆ ಸಿಸ್ಟರ್', 'ಈ ಸಿಸ್ಟರ್' ಆಗಿದ್ದರು. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಯಾವ ಮಂಚದವನ ಉಸಿರು ಕೆಟ್ಟಿದೆ, ಯಾರು ಮಾತ್ರೆಯನ್ನು ದಿಂಬಿನಡಿ ಬಚ್ಚಿಟ್ಟಿದ್ದಾರೆ, ಯಾರು ನೋವನ್ನು ನುಂಗಿಕೊಂಡು ನಗುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಆದರೆ ಅವಳು ಅಪ್ಪಣೆ ಕೊಡುವ ಹಾಗಿರಲಿಲ್ಲ. ನರ್ಸು ಹೇಳಬಹುದು, ತೀರ್ಮಾನ ಡಾಕ್ಟರದು. ಅದಕ್ಕೆ ಚಿಕ್ಕಮ್ಮ ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು. ಹೊಸದಾಗಿ ಬಂದ ಎಳೆಯ ಡಾಕ್ಟರನ ಬಳಿ ಹೋಗಿ, ಏನೂ ತಿಳಿಯದವಳ ಹಾಗೆ ನಿಂತು, "ಸರ್, ಕಿಟಕಿ ಪಕ್ಕದ ಯಜಮಾನ್ರು ಬೆಳಿಗ್ಗೆಯಿಂದ ದಿಂಬಿನ ಮೇಲೆ ದಿಂಬು ಕೇಳ್ತಿದಾರೆ" ಎನ್ನುವಳು. ಅಷ್ಟೇ. ಡಾಕ್ಟರ್ ಹಣೆ ಉಜ್ಜಿಕೊಂಡು ಯೋಚಿಸಿ, "ಮಲಗಿದ್ರೆ ಉಸಿರು ಕಟ್ತಿರಬೇಕು. ಎದೇಲಿ ನೀರು ನಿಂತಿರಬಹುದು. ನೀರು ಹೋಗೋ ಇಂಜೆಕ್ಷನ್ ಕೊಡಿ" ಎನ್ನುವನು. "ಹೌದಲ್ವಾ ಸರ್! ನನಗೆ ಹೊಳೀಲೇ ಇಲ್ಲ ನೋಡಿ" ಎನ್ನುವಳು ಚಿಕ್ಕಮ್ಮ. ಇಂಜೆಕ್ಷನ್ ಆಗಲೇ ಅವಳ ಬೆನ್ನ ಹಿಂದಿನ ಟ್ರೇಯಲ್ಲಿ ಸಿದ್ಧವಾಗಿರುತ್ತಿತ್ತು. ಹೀಗೆ ಎಷ್ಟು ಜನ ಡಾಕ್ಟರುಗಳು ತಾವೇ ಕಂಡುಹಿಡಿದೆವೆಂದು ಎದೆಯುಬ್ಬಿಸಿಕೊಂಡು ಹೋದರೋ ಲೆಕ್ಕವಿಲ್ಲ.

ರೋಗಿಗಳಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು. ಭುಜದ ಮೇಲೆ ಕೈಯಿಟ್ಟು, "ಕೂತಿರಿ, ಡಾಕ್ಟರಿಗೆ ಹೇಳ್ತೀನಿ." ಆ ಮಾತು ಕೇಳಿದರೇ ಅರ್ಧ ನೋವು ಹೋಗುತ್ತಿತ್ತೆಂದು ವಾರ್ಡಿನವರು ಈಗಲೂ ಹೇಳುತ್ತಾರೆ. ಅವಳಿಗೂ ಅಷ್ಟೆ. ಕಾರಿಡಾರಿನ ತುದಿಯಲ್ಲಿ ಯಾವಾಗಲೂ ಒಬ್ಬ ಡಾಕ್ಟರ್ ಇರುತ್ತಿದ್ದ. ಅವನ ಕಿವಿಗೆ ಹಾಕಿದ ಮೇಲೆ ಅದು ಅವನ ತಲೆನೋವು. ಚಿಕ್ಕಮ್ಮ ಹಗುರಾಗಿ ಮುಂದಿನ ಮಂಚಕ್ಕೆ ಹೋಗುವಳು.

ಒಂದು ಸಲ ಮಾತ್ರ ಒಬ್ಬ ಡಾಕ್ಟರ್ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ನನ್ನ ಕೆಲಸ ನನಗೆ ಗೊತ್ತು ಸಿಸ್ಟರ್" ಎಂದ. ಮಾರನೆಯ ದಿನ ಅವಳು ಹೇಳಿದ ರೋಗಿಯ ಮಂಚ ಖಾಲಿಯಾಗಿತ್ತು. ಚಿಕ್ಕಮ್ಮ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ, "ಹೇಳೀ ಹೇಳೀ ಸಾಕಾಯ್ತು. ಇನ್ನು ಮೇಲೆ ನಾನೇ ಮಾಡ್ತೀನಿ" ಎಂದಳು. ಹಾಗೆ ಅವಳು ಮತ್ತೆ ಓದಲು ಹೊರಟದ್ದು. ನರ್ಸ್ ಪ್ರಾಕ್ಟೀಷನರ್ ಎಂದು ಒಂದು ಓದು ಇದೆ. ಅದನ್ನು ಮುಗಿಸಿದ ನರ್ಸು ರೋಗಿಯನ್ನು ತಾನೇ ಪರೀಕ್ಷೆ ಮಾಡಿ, ಕಾಯಿಲೆ ಇಂಥದ್ದೆಂದು ತಾನೇ ತೀರ್ಮಾನಿಸಿ, ಔಷಧಿಯನ್ನೂ ತಾನೇ ಬರೆದುಕೊಡಬಹುದು.

ಅವಳು ಓದುವಷ್ಟು ಕಾಲ ಅಡಿಗೆಮನೆ ಚಿಕ್ಕಪ್ಪನ ಕೈಗೆ ಬಂತು. ಚಿಕ್ಕಪ್ಪ ಶಾಲೆಯ ಬಸ್ಸು ಓಡಿಸುವವನು. ಅವನ ಅಡಿಗೆಗೆ ಉಪ್ಪು ಎರಡೆರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಪುಸ್ತಕ ಹಿಡಿದು ಅವಳಿಗೆ ಪ್ರಶ್ನೆ ಕೇಳುವ ಕೆಲಸವೂ ಅವನದೇ. "ಈ ಕಾಯಿಲೆ ಹೆಸರು ಓದಿ ಮುಗಿಸೋಷ್ಟರಲ್ಲಿ ನನಗೇ ಅದು ಬಂದುಬಿಟ್ಟಿರುತ್ತೆ" ಎಂದು ಗೊಣಗುವನು. ಅವಳು ಪಾಸಾದ ದಿನ ಬಾಗಿಲಲ್ಲೇ ಅಡ್ಡ ನಿಂತು, "ಬನ್ನಿ ಡಾಕ್ಟರಮ್ಮ" ಎಂದ.

"ಡಾಕ್ಟರಲ್ಲ ಮಾರಾಯಾ. ನರ್ಸ್ ಪ್ರಾಕ್ಟೀಷನರ್."

"ಅದನ್ನ ಹೇಳೋಷ್ಟರಲ್ಲಿ ರೋಗಿಗೆ ತಾನೇ ವಾಸಿಯಾಗಿರುತ್ತೆ. ಹೋಗ್ಲಿ ಬಿಡು."

ಅವಳಿಗೆ ಸಿಕ್ಕಿದ ಕೆಲಸ ಊರ ಅಂಚಿನ ಸಣ್ಣ ಕ್ಲಿನಿಕ್ಕಿನಲ್ಲಿ. ಕೆಳಗೆ ಬೀಗದ ಕೈ ಮಾಡಿಕೊಡುವ ಅಂಗಡಿ, ಮೇಲೆ ಕ್ಲಿನಿಕ್ಕು. ಕಡಿದಾದ ಮೆಟ್ಟಿಲು ಹತ್ತಿದರೆ ಉದ್ದನೆಯ ಬೆಂಚು, ಕೌಂಟರು, ಒಂದು ಕಾರಿಡಾರು, ಅದರ ಎರಡು ಕಡೆ ಎರಡು ಕೋಣೆ. ಹಿರಿಯ ಡಾಕ್ಟರ್ ವಾರಕ್ಕೆ ಎರಡು ದಿನ ಬಂದುಹೋಗುತ್ತಾರೆ. ಮಿಕ್ಕ ದಿನ ಬಂದವರನ್ನೆಲ್ಲ ನೋಡುವವಳು ಚಿಕ್ಕಮ್ಮ. ಬೇಕೆನಿಸಿದರೆ ಅವರಿಗೆ ಫೋನು ಮಾಡಬಹುದು.

ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಕನ್ನಡಕ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಮೊದಲ ದಿನವೇ ಅವಳು ಚಿಕ್ಕಮ್ಮನನ್ನು ತಲೆಯಿಂದ ಕಾಲಿನವರೆಗೆ ಅಳೆದು, "ನಿಮ್ಮನ್ನ ಏನಂತ ಕರೀಲಿ? ಜನ ಡಾಕ್ಟರ್ ಎಲ್ಲಿ ಅಂತಾರೆ. ನೀವೇ ಅಂದ್ರೆ ನಂಬಲ್ಲ, ನೀವಲ್ಲ ಅಂದ್ರೆ ಎದ್ದು ಹೋಗ್ತಾರೆ" ಎಂದಳು.

ಹಾಗೆಯೇ ಆಯಿತು. ಬಾಗಿಲ ಮೇಲಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ ಒಬ್ಬ ಲಾರಿ ಡ್ರೈವರ್, "ಓ, ಇನ್ನೂ ಪ್ರಾಕ್ಟೀಸ್ ಮಾಡ್ತಿದೀರಾ? ಕಲಿತಾದ ಮೇಲೆ ಬರ್ತೀನಿ ಬಿಡಿ" ಎಂದು ಮೆಟ್ಟಿಲಿಳಿದು ಹೋದ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಚಿಕ್ಕಮ್ಮನೂ ನಕ್ಕಳು. ಆದರೆ ಕಿವಿ ಸಂಜೆಯವರೆಗೂ ಬಿಸಿಯಾಗೇ ಇತ್ತಂತೆ.

ಜನರ ಮಾತಿಗಿಂತ ಅವಳ ಮೈಯೇ ಅವಳಿಗೆ ಹೆಚ್ಚು ತೊಂದರೆ ಕೊಟ್ಟಿತು. ಡಾಕ್ಟರ ಕುರ್ಚಿಯಲ್ಲಿ ಕೂರಲು ಹೋದರೆ ಕಾಲು ಹಿಂದೆ ಸರಿಯುತ್ತಿತ್ತು. ರೋಗಿಯ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತುಬಿಡುತ್ತಿದ್ದಳು, ಬಂದವರು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿರುತ್ತಿದ್ದರು. ಹಿರಿಯ ಡಾಕ್ಟರ್ ಒಳಗೆ ಬಂದರೆ ಮಾತಿನ ನಡುವೆಯೇ ಎದ್ದು ನಿಲ್ಲುವಳು. ಔಷಧಿ ಚೀಟಿಯ ಕೆಳಗೆ ರುಜು ಹಾಕುವ ಮುಂಚೆ ಬರೆದದ್ದನ್ನು ಮೂರು ಮೂರು ಸಲ ಓದುವಳು. ದೊಡ್ಡಾಸ್ಪತ್ರೆಯಲ್ಲಿ ಬಾಗಿಲಲ್ಲಿ ನಿಂತೇ ಸಾವನ್ನು ಗುರುತಿಸುತ್ತಿದ್ದವಳು ಇಲ್ಲಿ ಗಂಟಲುನೋವಿಗೆ ಹೆದರುತ್ತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿಕೂದಲು ಬಂದ ಮೇಲೆ ಹೊಸ ಹುಡುಗಿಯಾಗುವುದು ಎಷ್ಟು ನಾಚಿಕೆಯ ಕೆಲಸವೆಂದು ಅವಳು ಎಣಿಸಿರಲೇ ಇಲ್ಲ.

ಮೊದಲಿಗೆ ಎಲ್ಲಕ್ಕೂ ಫೋನು ಮಾಡುತ್ತಿದ್ದಳು. ಒಂದು ದಿನ ಹಿರಿಯ ಡಾಕ್ಟರ್ ಕೇಳಿದರು.

"ನಿಮಗೇನನ್ಸುತ್ತೆ ಸಿಸ್ಟರ್?"

"ಬರೀ ಕೆಮ್ಮು ಅನ್ಸುತ್ತೆ ಸರ್. ಎದೆ ಶುದ್ಧವಾಗಿದೆ."

"ಏನು ಕೊಡ್ತೀರಿ?"

ಅವಳು ಹೇಳಿದಳು.

"ಸರಿಯಾಗೇ ಇದೆಯಲ್ಲ! ಮತ್ತೆ ಕೆಮ್ಮಿಗೂ ನನಗೆ ಫೋನಾ?"

ಅವರು ಬೈದಿರಲಿಲ್ಲ, ನಕ್ಕೊಂಡೇ ಕೇಳಿದ್ದರು. ಆದರೂ ಚಿಕ್ಕಮ್ಮ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು. ಆಮೇಲೆ ಫೋನು ಮಾಡುವುದನ್ನು ಕಡಿಮೆ ಮಾಡಿದಳು. ಮೆಲ್ಲಮೆಲ್ಲನೆ ಕೈ ಕುದುರಿತು. ಕುರ್ಚಿಯಲ್ಲಿ ಕೂರುವುದೂ ಬಂತು. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಹುಡುಕಿಕೊಂಡು ಬರತೊಡಗಿದರು. ಕೌಂಟರಿನವಳು ಕೂಡ, "ಸಿಸ್ಟರ್ ಹತ್ರಾನೇ ಹೋಗ್ತೀನಿ ಅಂತಾರೆ ಈಗ. ಬರೋ ವರ್ಷ ನನ್ನನ್ನೂ ಪ್ರಾಕ್ಟೀಷನರ್ ಮಾಡಿ" ಎನ್ನುವಷ್ಟಾಯಿತು. ಕಷ್ಟದ ಕಾಲ ಕಳೆಯಿತೆಂದು ಚಿಕ್ಕಮ್ಮ ಅಂದುಕೊಂಡಳು.

ಅವಳು ಅಲ್ಲಿಗೆ ಸೇರಿ ಒಂಬತ್ತನೆಯ ತಿಂಗಳಲ್ಲಿ, ಜ್ವರದ ಕಾಲದಲ್ಲಿ, ಒಂದು ಬುಧವಾರ ಕಾಜಾ ಅಜ್ಜಿ ಬಂದಳು. ಬುಧವಾರ ಹಿರಿಯ ಡಾಕ್ಟರ್ ಬರುವ ದಿನವಲ್ಲ.

ಕಾಜಾ ಎಂದರೆ ಅಂಗಿಯ ಗುಂಡಿ ತೂರಿಸುವ ತೂತು. ಅದರ ಅಂಚಿಗೆ ದಾರ ಸುತ್ತಿ ಹೊಲಿಯುವುದು, ಗುಂಡಿ ಕೂರಿಸುವುದು, ಇದೇ ಅಜ್ಜಿಯ ಜೀವನದ ಕೆಲಸ. ಸುತ್ತಮುತ್ತಲಿನ ದರ್ಜಿಗಳೆಲ್ಲ ಅಂಗಿ ಹೊಲಿದು ಕಾಜಾ ಮಾಡಲು ಅವಳ ಮನೆಗೆ ಕಳಿಸುತ್ತಿದ್ದರು. ಮಿಷನ್ನಿನ ಕಾಜಾ ಒಗೆದ ಕೂಡಲೇ ಬಾಯಿ ಬಿಡುತ್ತದೆ, ಅಜ್ಜಿಯದು ಅಂಗಿ ಹರಿದರೂ ಉಳಿಯುತ್ತದೆ ಎಂದು ಹೇಳುತ್ತಿದ್ದರು. ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆದವಳಲ್ಲ.

ಚಿಕ್ಕಮ್ಮ ಅವಳನ್ನು ಎರಡನೆಯ ಕೋಣೆಯಲ್ಲಿ ಕೂರಿಸಿದಳು.

"ಏನಜ್ಜಿ, ಏನಾಯ್ತು?"

"ತಲೆನೋವು ಮಗಳೇ. ಬಾಚಣಿಗೆ ಮುಟ್ಟಿದ್ರೆ ಕೂದಲೆಲ್ಲ ನೋಯುತ್ತೆ. ಕೂದಲಿಗೆ ಎಲ್ಲಾದ್ರೂ ನೋವಾಗುತ್ತಾ ಅಂತ ನನ್ನ ಮಗ ನಗ್ತಾನೆ. ಅವನಿಗೇನು, ಬೋಳುತಲೆ."

"ಊಟ ಮಾಡ್ತೀರಾ?"

"ಅರ್ಧ ಊಟಕ್ಕೇ ದವಡೆ ದಣಿದುಬಿಡುತ್ತೆ. ಮಾತಾಡೋಕೆ ಮಾತ್ರ ದಣಿಯಲ್ಲ ನೋಡು, ಸೊಸೆ ಕೇಳಿದ್ರೆ ಹೇಳ್ತಾಳೆ."

"ಕಣ್ಣು?"

"ನಿನ್ನೆ ಬಲಗಣ್ಣಿಗೆ ಯಾರೋ ಪರದೆ ಎಳೆದ ಹಾಗಾಯ್ತು. ಸ್ವಲ್ಪ ಹೊತ್ತಿಗೆ ತಾನೇ ಸರೀತು."

ಚಿಕ್ಕಮ್ಮ ಅಜ್ಜಿಯ ಹಣೆಯ ಪಕ್ಕದಲ್ಲಿ ಎರಡು ಬೆರಳಿಟ್ಟಳು. ಅಲ್ಲಿನ ರಕ್ತನಾಳ ಹುರಿ ಹಾಕಿದ ದಾರದ ಹಾಗೆ ಗಟ್ಟಿಯಾಗಿ ಎದ್ದಿತ್ತು. ಮುಟ್ಟಿದ ಕೂಡಲೇ ಅಜ್ಜಿ "ಹಾ!" ಎಂದು ತಲೆ ಹಿಂದಕ್ಕೆಳೆದಳು. ಕೂದಲ ನೋವು, ದವಡೆಯ ದಣಿವು, ಕಣ್ಣಿಗೆ ಪರದೆ, ಎಲ್ಲವೂ ಬಂದು ಒಂದೇ ಕಡೆ ಸೇರಿದವು. ಅನುಮಾನವೇ ಇರಲಿಲ್ಲ. ವಯಸ್ಸಾದವರ ತಲೆಯ ರಕ್ತನಾಳ ಊದಿಕೊಳ್ಳುವ ಕಾಯಿಲೆ ಅದು. ಬಿಟ್ಟರೆ ಕಣ್ಣನ್ನೇ ನುಂಗುತ್ತದೆ. ಊತ ಇಳಿಸುವ ಮಾತ್ರೆಯನ್ನು ಆ ಗಳಿಗೆಯಲ್ಲೇ ಕೊಟ್ಟು ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಮಾತ್ರೆ ಕಾರಿಡಾರಿನ ಕಪಾಟಿನಲ್ಲೇ ಇತ್ತು. ಬರೆಯಲು ಪೆನ್ನು ಅವಳ ಕೈಯಲ್ಲೇ ಇತ್ತು.

ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಅವಳು ನನಗೆ ಹೇಳಿದಳು.

ಅವಳು ಎದ್ದು, ಅಜ್ಜಿಯ ಭುಜದ ಮೇಲೆ ಕೈಯಿಟ್ಟು, "ಕೂತಿರಿ ಅಜ್ಜಿ, ಡಾಕ್ಟರಿಗೆ ಹೇಳ್ತೀನಿ" ಎಂದಳು.

ಆ ಮಾತನ್ನು ಅವಳು ಆಡಲಿಲ್ಲ, ಬಾಯಿ ತಾನೇ ಆಡಿತು. ಗಂಭೀರವಾದದ್ದೇನಾದರೂ ಕಂಡರೆ ಹದಿನಾರು ವರ್ಷ ಆ ಬಾಯಿ ಆಡಿದ್ದು ಅದನ್ನೇ. ಕೆಮ್ಮು ನೆಗಡಿಗೆ ಕಲಿತುಕೊಂಡ ಹೊಸ ಅಭ್ಯಾಸ ದೊಡ್ಡದು ಎದುರಾದಾಗ ಕೈಕೊಟ್ಟಿತು. ಬಾಗಿಲೆಳೆದುಕೊಂಡು ಕಾರಿಡಾರಿಗೆ ಬಂದಳು. ಮನಸ್ಸು ಹಗುರಾಯಿತು. ಹೇಳಿಯಾಯಿತು, ಇನ್ನು ಅವರು ನೋಡಿಕೊಳ್ಳುತ್ತಾರೆ ಎಂಬ ಆ ಹಳೆಯ ಹಗುರ. ಕಾರಿಡಾರಿನ ತುದಿಯಲ್ಲಿ ಯಾರೂ ಇರಲಿಲ್ಲ. ಅವಳು ಆ ಕಡೆ ನೋಡಲೂ ಇಲ್ಲ. ಅಷ್ಟರಲ್ಲಿ ಮೆಟ್ಟಿಲಿನಿಂದ ಒಬ್ಬ ತಾಯಿ ಕಿರುಚಿಕೊಂಡು ಬಂದಳು. ಅವಳ ತೋಳಿನಲ್ಲಿದ್ದ ಮಗುವಿಗೆ ಜ್ವರ ತಲೆಗೇರಿ ಮೈ ಸೆಟೆದಿತ್ತು.

ಮಗು ಉಳಿಯಿತು. ಅದರ ಹಿಂದೆ ಕೈ ಕೊಯ್ದುಕೊಂಡವನು, ಅವನ ಹಿಂದೆ ವಾಂತಿಯವಳು, ಅವಳ ಹಿಂದೆ ಜ್ವರದವರ ಸಾಲು. ಎಲ್ಲರನ್ನೂ ಮೊದಲನೆಯ ಕೋಣೆಯಲ್ಲೇ ನೋಡಿದಳು. ಎರಡನೆಯ ಕೋಣೆ ಯಾಕೆ ಮುಚ್ಚಿದೆ ಎಂದು ಒಂದು ಸಲವೂ ಯೋಚನೆ ಬರಲಿಲ್ಲ.

ಮಧ್ಯಾಹ್ನ ಕೌಂಟರಿನವಳು ಆ ಬಾಗಿಲು ತೆರೆದು ಇಣುಕಿದ್ದಳು. "ಅಜ್ಜಿ, ಇನ್ನೂ ಇದೀರಾ?"

"ಡಾಕ್ಟರಿಗೆ ಹೇಳಿದಾರಂತೆ ಕಣಮ್ಮ. ಬರ್ತಾರೆ."

ಸಿಸ್ಟರ್ ಫೋನು ಮಾಡಿರಬೇಕು, ಡಾಕ್ಟರ್ ಬರುತ್ತಿರಬೇಕು ಎಂದುಕೊಂಡು ಅವಳು ನೀರು ಕೊಟ್ಟು ಬಾಗಿಲು ಮುಚ್ಚಿದಳು.

ಸಂಜೆ ಬೆಂಚು ಖಾಲಿಯಾದ ಮೇಲೆ ಚಿಕ್ಕಮ್ಮ ದೀಪ ಆರಿಸಲೆಂದು ಎರಡನೆಯ ಕೋಣೆಗೆ ಹೋದಳು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಳು, ಬೆಳಿಗ್ಗೆ ಕೂತ ಹಾಗೆಯೇ, ತೊಡೆಯ ಮೇಲೆ ಕೈಯಿಟ್ಟುಕೊಂಡು.

"ಡಾಕ್ಟರ್ ಬಂದ್ರಾ ಮಗಳೇ?"

ಯಾವ ಡಾಕ್ಟರು ಎಂದು ಕೇಳಲು ಚಿಕ್ಕಮ್ಮ ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು.

"ಆ ಪರದೆ ಮತ್ತೆ ಬಿತ್ತು" ಎಂದಳು ಅಜ್ಜಿ. "ಈ ಸಲ ಸರೀತಾ ಇಲ್ಲ."

ಮುಂದಿನದು ಬೇಗ ಬೇಗ ಆಯಿತು. ಚಿಕ್ಕಮ್ಮ ತನ್ನ ಕೈಯಾರೆ ಮಾತ್ರೆ ನುಂಗಿಸಿದಳು. ಕೌಂಟರಿನವಳ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಓಡಿದರು. ಅಲ್ಲಿ ಸೂಜಿಮದ್ದು ಕೊಟ್ಟರು, ಕಣ್ಣಿನ ಡಾಕ್ಟರು ನೋಡಿದರು. ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು.

ಅಜ್ಜಿಯ ಮಗ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಮಾರನೆಯ ದಿನ ಮಸಿ ಹಿಡಿದ ಕೈಯಲ್ಲೇ ಕ್ಲಿನಿಕ್ಕಿಗೆ ಬಂದು ಕೌಂಟರು ಬಡಿದ. "ಬೆಳಿಗ್ಗೆಯಿಂದ ಸಂಜೆವರೆಗೆ ನನ್ನಮ್ಮನ್ನ ಕೂರಿಸಿದೀರಿ! ಎಲ್ಲಿ ಸತ್ತುಹೋಗಿದ್ದ ನಿಮ್ಮ ಡಾಕ್ಟರು?"

"ಡಾಕ್ಟರು ದಿನಾ ಬರಲ್ಲಪ್ಪ. ನಿನ್ನೆ ಅವರ ದಿನ ಅಲ್ಲ" ಎಂದಳು ಕೌಂಟರಿನವಳು.

"ಸಿಸ್ಟರ್ ಹೇಳಿ ಕಳಿಸಿದ್ರೂ ಬರಲಿಲ್ವಾ? ಅವನಿಗೆ ಮನುಷ್ಯತ್ವ ಇದೆಯಾ?" ಎಂದವನು ತಿರುಗಿ, ಕೋಣೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನನ್ನು ಕಂಡ. ಅವನ ದನಿ ಇಳಿಯಿತು. "ನಿಮ್ಮಿಂದ ಒಂದು ಕಣ್ಣಾದ್ರೂ ಉಳೀತು ಸಿಸ್ಟರ್. ನಿಮ್ಮ ಉಪಕಾರ ಮರೆಯಲ್ಲ."

ಚಿಕ್ಕಮ್ಮ ತಲೆಯನ್ನು ಸುಮ್ಮನೆ ಅಲ್ಲಾಡಿಸಿದಳು. ಅದು ಹೌದೆಂದೋ ಅಲ್ಲವೆಂದೋ ಅವಳಿಗೇ ಗೊತ್ತಿಲ್ಲ. ಅವನು ಹೌದೆಂದೇ ತಿಳಿದುಕೊಂಡು ಹೋದ.

ಹಿರಿಯ ಡಾಕ್ಟರಿಗೂ ಅವಳು ಪೂರ್ತಿ ಹೇಳಲಿಲ್ಲ. ಮಾತ್ರೆ ಕೊಟ್ಟದ್ದು ಸಂಜೆ ಎಂದಳು. ಸಂಜೆಯವರೆಗೆ ಯಾಕೆ ತಡವಾಯಿತೆಂದು ಹೇಳಲಿಲ್ಲ, ಜ್ವರದವರ ಗದ್ದಲದಲ್ಲಿ ಅಜ್ಜಿಯ ಸರದಿ ತಡವಾಗಿ ಬಂದಿರಬೇಕೆಂದು ಅವರು ತಾವೇ ತಿಳಿದುಕೊಂಡರು. "ಈ ಕಾಯಿಲೆಯೇ ಹಾಗೆ ಸಿಸ್ಟರ್. ಬೆಳಿಗ್ಗೆಯೇ ಕೊಟ್ಟಿದ್ರೂ ಕಣ್ಣು ಹೋಗ್ತಿತ್ತೇನೋ. ಗುರುತು ಹಿಡಿದ್ರಲ್ಲ, ಅದೇ ದೊಡ್ಡದು" ಎಂದರು. ಆ 'ಏನೋ' ಎಂಬುದನ್ನು ಚಿಕ್ಕಮ್ಮ ಮನೆಯವರೆಗೂ ಹಿಡಿದುಕೊಂಡು ಬಂದಳು. ಹೋಗ್ತಿತ್ತೇನೋ. ರಸ್ತೆ ದಾಟುವಾಗ, ತರಕಾರಿ ಹೆಚ್ಚುವಾಗ, ಅದೇ ಮಾತನ್ನು ಬಾಯೊಳಗೆ ಆಡಿಕೊಳ್ಳುತ್ತಿದ್ದಳು. ಉಳೀತಿತ್ತೇನೋ ಎಂಬ ಇನ್ನೊಂದು ಮಾತು ಅದರ ಹಿಂದೆಯೇ ಬರುತ್ತಿತ್ತು.

ಆ ವಾರ ಚಿಕ್ಕಮ್ಮ ಮನೆಯಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ಕನ್ನಡಿಯ ಮುಂದೆ ಹೋಗದೆ ತಲೆ ಬಾಚಿಕೊಂಡಳು. ಕೊನೆಗೆ ಒಂದು ಸಂಜೆ ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, ಎಲ್ಲವನ್ನೂ ಚಿಕ್ಕಪ್ಪನಿಗೆ ಹೇಳಿದಳು.

ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ. "ಹೇಳಿದ್ರೆ ಆ ಕಣ್ಣು ವಾಪಸ್ ಬರುತ್ತಾ?"

"ಇಲ್ಲ."

"ನಿನ್ನ ಕೆಲಸ ಹೋಗುತ್ತೆ."

"ಹೋಗಬಹುದು."

"ಅಷ್ಟು ಕಷ್ಟಪಟ್ಟು ಓದಿದೀಯ. ನಿನ್ನ ಹತ್ರ ಬರೋ ಆ ಸಕ್ಕರೆ ಕಾಯಿಲೆಯವರೆಲ್ಲ ಎಲ್ಲಿಗೆ ಹೋಗ್ಬೇಕು? ಸುಮ್ನಿರು. ಎಲ್ಲರ ಕೈಯಲ್ಲೂ ತಪ್ಪಾಗುತ್ತೆ. ನಾನೂ ಒಂದು ಸಲ ಮಗು ಇಳಿಯೋಕೆ ಮುಂಚೆ ಬಸ್ಸು ಬಿಟ್ಟಿದ್ದೆ."

"ಆಮೇಲೆ?"

"ಏನೂ ಆಗ್ಲಿಲ್ಲ. ಮುಂದಿನ ಸ್ಟಾಪಲ್ಲಿ ಇಳಿಸಿದೆ."

ಚಿಕ್ಕಮ್ಮ ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ತೆಗೆದು ಮತ್ತೆ ತೊಳೆದಳು. ಚಿಕ್ಕಪ್ಪನಿಗೆ ತಾನಾಡಿದ ಮಾತು ತನಗೇ ಸರಿಯೆನಿಸಲಿಲ್ಲವೋ ಏನೋ, ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತು ತೊಳೆದ ಪಾತ್ರೆಗಳನ್ನು ಒರೆಸತೊಡಗಿದ.

ಅವಳು ಬೇರೊಂದು ದಾರಿ ಹುಡುಕಿಕೊಂಡಳು. ರಜೆಯ ದಿನ ದೊಡ್ಡಾಸ್ಪತ್ರೆಗೆ ಹೋಗಿ ಹಳೆಯ ವಾರ್ಡಿನ ಮುಖ್ಯ ಸಿಸ್ಟರನ್ನು ಕಂಡಳು. "ಜಾಗ ಇದೆಯಾ?"

"ನಿನಗಿಲ್ದೆ ಇರುತ್ತಾ? ನಿನ್ನ ಮಂಚಗಳು ನಿನ್ನನ್ನೇ ಕಾಯ್ತಿವೆ" ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಯಾಕೆ, ಡಾಕ್ಟರುಗಿರಿ ಸಾಕಾಯ್ತಾ?" ಎಂದು ನಕ್ಕರು. ಪಕ್ಕದಲ್ಲಿದ್ದ ಇಬ್ಬರು ನರ್ಸುಗಳೂ ನಕ್ಕರು. ಆ ನಗು ಅವಳಿಗೆ ಹಿತವಾಯಿತಂತೆ. ಅದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಇಲ್ಲಿ ಸೇರಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವಳ ಒಳ್ಳೆಯ ಹೆಸರು ಇಲ್ಲಿ ಹಾಗೆಯೇ ಇದೆ, ಅದನ್ನು ಎತ್ತಿಕೊಂಡರೆ ಸಾಕು. ಬರುವ ತಿಂಗಳಿನಿಂದ ಬರುತ್ತೇನೆಂದು ಹೇಳಿ ಬಂದಳು.

ಅಜ್ಜಿ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬರಬೇಕಿತ್ತು. ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ, ರಕ್ತ ಪರೀಕ್ಷೆ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಪ್ರತಿ ಸಲವೂ ಅವಳು ಅದೇ ಕೋಣೆಯ ಅದೇ ಕುರ್ಚಿಯಲ್ಲಿ ಕೂರುವಳು. ಚಿಕ್ಕಮ್ಮ ಅವಳ ಮುಖ ನೋಡದೆ, ತೋಳು ನೋಡಿ, ನಾಡಿ ನೋಡಿ, ಚೀಟಿ ಬರೆದು ಕಳಿಸಿಬಿಡುವಳು.

ಮೊನ್ನೆ ಶುಕ್ರವಾರ ಅಜ್ಜಿ ಎದ್ದು ಹೊರಡುವವಳು ನಿಂತಳು. ಎಡಗಣ್ಣನ್ನು ಕಿರಿದು ಮಾಡಿ ಚಿಕ್ಕಮ್ಮನ ಬಿಳಿ ಕೋಟಿನ ಕಡೆ ನೋಡಿದಳು.

"ಏನು ಮಗಳೇ ಇದು? ಗುಂಡಿ ಜೋತಾಡ್ತಿದೆ. ನನ್ನ ಎದುರಿಗೆ ಹೀಗೆ ಬರೋಕೆ ನಾಚಿಕೆ ಆಗಲ್ವಾ?"

ಅಜ್ಜಿ ತಮಾಷೆಗೆ ಹೇಳಿದ್ದು. ಚಿಕ್ಕಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಬಿಡಿ ಅಜ್ಜಿ, ಮನೇಲಿ ಹಾಕ್ಕೋತೀನಿ."

"ನಿನ್ನ ಹೊಲಿಗೆ ಗೊತ್ತು ನನಗೆ. ನೀವೆಲ್ಲ ಮೈ ಹೊಲಿಯೋರು, ಬಟ್ಟೆ ಹೊಲಿಯೋಕೆ ಬರಲ್ಲ. ಕೊಡು ಇಲ್ಲಿ."

ಅಜ್ಜಿ ಸೆರಗಿನ ಗಂಟಿನಿಂದ ಸೂಜಿ ದಾರ ತೆಗೆದಳು. ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ತಂದಳು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ತಂದಳು. ಸೂಜಿಯ ಮುಂದೆ ಹಾದುಹೋಯಿತು. ಇನ್ನೊಂದು ಸಲ, ಸೂಜಿಯ ಹಿಂದೆ. ಒಂದೇ ಕಣ್ಣಿನವರಿಗೆ ಹತ್ತಿರ ಯಾವುದು, ದೂರ ಯಾವುದು ತಿಳಿಯುವುದಿಲ್ಲವೆಂದು ಚಿಕ್ಕಮ್ಮ ಪುಸ್ತಕದಲ್ಲಿ ಓದಿದ್ದಳು. ಈಗ ಅದನ್ನು ನೋಡಿದಳು. ಸೂಜಿ ಅಜ್ಜಿಯ ಬೆರಳಿಗೆ ಚುಚ್ಚಿತು. ಅಜ್ಜಿ ಬೆರಳನ್ನು ಬಾಯಲ್ಲಿಟ್ಟು, ಯಾರೂ ನೋಡಲಿಲ್ಲವೇನೋ ಎಂಬಂತೆ ನಕ್ಕು, ಮತ್ತೆ ದಾರ ಹಿಡಿದಳು. ಅವಳ ಬೆರಳುಗಳ ತುದಿಯೆಲ್ಲ ಇಂಥ ಸಣ್ಣ ಚುಕ್ಕೆಗಳೇ ಇದ್ದವು.

"ಅಜ್ಜಿ" ಎಂದಳು ಚಿಕ್ಕಮ್ಮ. "ಅವತ್ತು ನಾನು ಡಾಕ್ಟರಿಗೆ ಹೇಳಲಿಲ್ಲ."

"ಹ್ಞೂಂ?"

"ಹೇಳೋಕೆ ಯಾವ ಡಾಕ್ಟರೂ ಇರಲಿಲ್ಲ. ಇಲ್ಲಿ ನೋಡಬೇಕಾದವಳು ನಾನೇ. ಮಾತ್ರೆ ಕೊಡಬೇಕಾದವಳೂ ನಾನೇ. ಕಾಯಿಲೆ ಯಾವುದು ಅಂತ ನನಗೆ ಬೆಳಿಗ್ಗೆನೇ ಗೊತ್ತಾಗಿತ್ತು. ಹಳೇ ಅಭ್ಯಾಸದಲ್ಲಿ ಡಾಕ್ಟರಿಗೆ ಹೇಳ್ತೀನಿ ಅಂದುಬಿಟ್ಟೆ. ಹೊರಗೆ ಹೋದವಳು ನಿಮ್ಮನ್ನ ಮರೆತುಬಿಟ್ಟೆ. ಸಂಜೆವರೆಗೂ ಮರೆತಿದ್ದೆ. ನಿಮ್ಮ ಮಗ ಡಾಕ್ಟರನ್ನ ಬೈದಾಗ್ಲೂ ಬಾಯಿ ಬಿಡಲಿಲ್ಲ."

ಅಜ್ಜಿ ಕೈಯಲ್ಲಿದ್ದ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊರಗೆ ಬೆಂಚಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಉಜ್ಜುವ ಸದ್ದು ಬರುತ್ತಿತ್ತು.

"ಬೆಳಿಗ್ಗೆನೇ ಕೊಟ್ಟಿದ್ರೆ ಉಳೀತಿತ್ತಾ?"

"ಉಳೀತಿತ್ತು ಅಂತ ಖಚಿತವಾಗಿ ಹೇಳೋಕಾಗಲ್ಲ. ಉಳಿಯೋ ಸಾಧ್ಯತೆ ಇತ್ತು."

"ನಾನು ಎದ್ದು ಬಂದು ಬಾಗಿಲು ತಟ್ಟಿದ್ರೆ ನಿನಗೆ ನೆನಪಾಗ್ತಿತ್ತಾ?"

"ಆಗ್ತಿತ್ತು."

"ತಟ್ಟಬೇಕು ಅನ್ನಿಸಿತ್ತು" ಎಂದಳು ಅಜ್ಜಿ. "ಮಧ್ಯಾಹ್ನ ಒಂದು ಸಲ ಎದ್ದೆ ಕೂಡ. ಪಾಪ, ಅಷ್ಟು ಜನ ಇದಾರೆ, ಕೂತಿರಿ ಅಂದಿದಾಳೆ, ಕೂರೋಣ ಅಂತ ಕೂತೆ."

ಚಿಕ್ಕಮ್ಮನಿಗೆ ಅಳಬೇಕೆನಿಸಿತು. ಅತ್ತರೆ ಅಜ್ಜಿಯೇ ಸಮಾಧಾನ ಮಾಡಬೇಕಾಗುತ್ತದೆ, ಅದನ್ನೂ ಅವಳ ಮೇಲೆ ಹೊರಿಸಬಾರದು ಎಂದು ಹಲ್ಲು ಕಚ್ಚಿಕೊಂಡು ನಿಂತಳು. ಕ್ಷಮಿಸಿ ಎಂದಳು, ಅದೂ ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ಅಜ್ಜಿ ಸರಿ ಬಿಡು ಎನ್ನಲಿಲ್ಲ. ಬೈಯಲೂ ಇಲ್ಲ. ಎದ್ದು, ಬಾಗಿಲ ಚೌಕಟ್ಟನ್ನು ಕೈಯಲ್ಲಿ ಹುಡುಕಿ ಹಿಡಿದುಕೊಂಡಳು.

"ನನ್ನ ಮಗ ಊರೆಲ್ಲ ಆ ಡಾಕ್ಟರನ್ನ ಬೈಕೊಂಡು ತಿರುಗ್ತಿದಾನೆ. ಅವನಿಗೆ ನಾನು ಹೇಳಲ್ಲ. ನೀನೇ ಹೇಳು."

"ಹೇಳ್ತೀನಿ."

"ಮುಂದಿನ ವಾರ ಬರ್ತೀನೋ ಇಲ್ವೋ ನನಗೆ ಗೊತ್ತಿಲ್ಲ ಮಗಳೇ."

"ಎಲ್ಲಿಗಾದ್ರೂ ಹೋಗಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಜ್ಜಿ."

ಅಜ್ಜಿ ಮ್ ಎಂದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಕೈಹಿಡಿಯಲು ಹೋದ ಚಿಕ್ಕಮ್ಮನಿಗೆ ಬೇಡವೆಂದು ಕೈಯಾಡಿಸಿದಳು.

ಅವತ್ತೇ ಚಿಕ್ಕಮ್ಮ ಹಿರಿಯ ಡಾಕ್ಟರಿಗೆ ಫೋನು ಮಾಡಿದಳು. ಈ ಸಲ ಏನನ್ನೂ ಬಿಡದೆ ಹೇಳಿದಳು.

"ಕೆಮ್ಮಿಗೂ ಫೋನಾ ಅಂದವನು ನಾನು" ಎಂದರು ಅವರು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸರ್."

"ಇದೆ. ಇರ್ಲಿ. ಇದನ್ನ ನಾನು ಮೇಲಿನವರಿಗೆ ತಿಳಿಸಲೇಬೇಕು, ಗೊತ್ತಲ್ವಾ? ವಿಚಾರಣೆ ಆಗುತ್ತೆ. ಏನಾಗುತ್ತೋ ಹೇಳೋಕಾಗಲ್ಲ."

"ತಿಳಿಸಿ ಸರ್."

"ದೊಡ್ಡಾಸ್ಪತ್ರೆಗೆ ವಾಪಸ್ ಹೋಗ್ತೀರಿ ಅಂತ ಕೇಳಿದೆ."

ಚಿಕ್ಕಮ್ಮ, "ಹೋಗಲ್ಲ ಸರ್. ಅಲ್ಲಿಗೆ ಬರಲ್ಲ ಅಂತ ಹೇಳ್ತೀನಿ. ನೀವು ಬೇಡ ಅನ್ನೋವರೆಗೂ ಇಲ್ಲೇ ಇರ್ತೀನಿ" ಎಂದಳು.

ಮನೆಗೆ ಬಂದು ಚಿಕ್ಕಪ್ಪನಿಗೆ ತಿಳಿಸಿದಳು. ಅವನು ತಲೆ ಕೆರೆದುಕೊಂಡು, "ಟೈರ್ ಅಂಗಡಿಗೆ ನಾನೂ ಬರ್ಲಾ? ಅವನ ಕೈಯಲ್ಲಿ ಯಾವಾಗ್ಲೂ ಕಬ್ಬಿಣದ ಸಲಾಕೆ ಇರುತ್ತೆ" ಎಂದ. ಅವಳು ನಗಲಿಲ್ಲ. ಬೇಡ ಎಂದಳು.

ಅಂಗಡಿಗೆ ಶನಿವಾರ ಭಾನುವಾರ ರಜೆ. ನಾಳೆ ಸೋಮವಾರ. ಮಧ್ಯಾಹ್ನದ ಬಿಡುವಿನಲ್ಲಿ ಚಿಕ್ಕಮ್ಮ ಒಬ್ಬಳೇ ಟೈರ್ ಅಂಗಡಿಗೆ ಹೋಗಿ ಅಜ್ಜಿಯ ಮಗನಿಗೆ ನಡೆದದ್ದನ್ನು ಹೇಳುತ್ತಾಳೆ.